ಹಾರ್ಟ್ ಫೇಲ್ಯೂರ್ ಅಂದ್ರೆ ಹಾರ್ಟ್ ನಿಂತಿತು ಅಂತಲ್ಲ

ಡೊಂಬಿವಲಿಯಲ್ಲಿರುವ ನಮ್ಮ ದೊಡ್ಡಪ್ಪನ ಡಿಸ್ಚಾರ್ಜ್ ಕಾಗದದಲ್ಲಿ 'ಹಾರ್ಟ್ ಫೇಲ್ಯೂರ್' ಅಂತ ಬರೆದಿತ್ತು. ಅದನ್ನು ಓದಿ ದೊಡ್ಡಮ್ಮ ಅಲ್ಲೇ ಕುಸಿದು ಕೂತರು. ಅವರದ್ದೇನೂ ತಪ್ಪಿಲ್ಲ. ನಮ್ಮ ಮಾತಲ್ಲಿ 'ಹಾರ್ಟ್ ಫೇಲ್ ಆಯ್ತು' ಅಂದ್ರೆ ಮನುಷ್ಯ ಹೋದ ಅಂತಲೇ ಅರ್ಥ, ಊರಿಂದ ಅಪರಾತ್ರಿಯಲ್ಲಿ ಫೋನ್ ಬಂದಾಗ ಕೇಳುವ ಮಾತದು. ಆದರೆ ದೊಡ್ಡಪ್ಪ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ವೈದ್ಯರು ಈ ಪದವನ್ನು ಬಳಸುವುದೇ ಬೇರೆ ಅರ್ಥದಲ್ಲಿ. ಹೃದಯ ನಿಂತಿಲ್ಲ, ಬಡಿಯುತ್ತಲೇ ಇದೆ. ಮೈಗೆ ಬೇಕಾದಷ್ಟು ರಕ್ತವನ್ನು ಸಲೀಸಾಗಿ ತಳ್ಳಲು ಅದಕ್ಕೆ ಆಗುತ್ತಿಲ್ಲ, ಅಷ್ಟೇ. ಹಾರ್ಟ್ ಅಟ್ಯಾಕ್ ಬೇರೆ. ಅಲ್ಲಿ ರಕ್ತನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯುತ್ತದೆ. ದೊಡ್ಡಪ್ಪನಿಗೆ ಅದು ಮೂರು ವರ್ಷದ ಹಿಂದೆ ಆಗಿತ್ತು, ಉಳಿದ ಸ್ನಾಯುವೇ ಅಂದಿನಿಂದ ಎಲ್ಲಾ ಹೊರೆ ಹೊತ್ತು ಈಗ ಸೋತಿದೆ. ಅಟ್ಯಾಕ್ ಆಗದವರಿಗೂ, ವರ್ಷಾನುಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಹೀಗಾಗಬಹುದು.

ರಕ್ತ ಮುಂದೆ ಸರಿಯಾಗಿ ಹೋಗದಿದ್ದರೆ ಹಿಂದೆ ನೀರು ತುಂಬಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ, ಕಾಲಲ್ಲಿ. ಸ್ಟೇಷನ್ ಸೇತುವೆಯ ಮೆಟ್ಟಿಲ ನಡುವೆ ದೊಡ್ಡಪ್ಪ ಕಂಬಿ ಹಿಡಿದು ನಿಲ್ಲುತ್ತಿದ್ದರು, ಕೇಳಿದರೆ 'ವಯಸ್ಸಾಯ್ತಲ್ಲ ಮಗಾ' ಅನ್ನುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ಒಂದಿದ್ದ ದಿಂಬು ಮೂರಾಯಿತು. ಕಣಕಾಲಿನ ಮೇಲೆ ಬೆರಳು ಒತ್ತಿ ತೆಗೆದರೆ ಕಲಸಿಟ್ಟ ಚಪಾತಿ ಹಿಟ್ಟಿನಲ್ಲಿ ಬೀಳುವಂಥ ಗುಳಿ. ಇದನ್ನೆಲ್ಲ ನಾವು ಸುಮ್ನೆ ವಯಸ್ಸಿನ ಲೆಕ್ಕಕ್ಕೆ ಹಾಕಿದೆವು, ಹಾಕಬಾರದಿತ್ತು.

ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಅದರ ರಿಪೋರ್ಟಿನಲ್ಲಿ 'ಇಎಫ್ 35%' ಅಂತಿತ್ತು. ಇಎಫ್ ಅಂದ್ರೆ ಇಜೆಕ್ಷನ್ ಫ್ರ್ಯಾಕ್ಷನ್. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವ ಲೆಕ್ಕ. ಪರೀಕ್ಷೆಯ ಮಾರ್ಕ್ಸ್ ಥರ ಓದಬೇಡಿ. ಇಲ್ಲಿ ಯಾರಿಗೂ ನೂರು ಬರುವುದಿಲ್ಲ. 120 ಮಿಲಿ ತುಂಬಿ 70 ಮಿಲಿ ಹೊರಗೆ ಹೋದರೆ ಸುಮಾರು 58, ಅದು ಗಟ್ಟಿ ಹೃದಯವೇ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಪಂಪ್ ಸೋತಿದೆ ಅನ್ನುತ್ತಾರೆ. 50ರ ಮೇಲಿದ್ದೂ ಫೇಲ್ಯೂರ್ ಇರುವವರು ಬಹಳ ಜನ, ಅವರ ಹೃದಯದ ಸ್ನಾಯು ಬಿಗಿದುಕೊಂಡು, ರಕ್ತ ಸರಿಯಾಗಿ ತುಂಬಿಕೊಳ್ಳುವುದೇ ಇಲ್ಲ.

ನನ್ನ ಮನಸ್ಸು ಹಿಡಿದಿದ್ದು ಮಾತ್ರ ಔಷಧಿಯ ಕಥೆ. ಸೋತ ಹೃದಯವನ್ನು ದೇಹ ಅಡ್ರಿನಲಿನ್ ಅನ್ನುವ ಹಾರ್ಮೋನ್ ಸುರಿದು ಓಡಿಸುತ್ತದೆ, ದಣಿದ ಎತ್ತಿಗೆ ಬಾರುಕೋಲಿನ ಏಟು ಬಿದ್ದ ಹಾಗೆ. ಆ ಏಟನ್ನು ತಡೆದು ಬಡಿತ ತಗ್ಗಿಸುವ ಔಷಧಿ ಬೀಟಾ ಬ್ಲಾಕರ್. ಅದನ್ನು ಕೊಟ್ಟರೆ ಇಂಥವರು ಉಳಿಯುವುದಿಲ್ಲ ಅಂತ ಒಂದು ಕಾಲದಲ್ಲಿ ವೈದ್ಯರು ನಂಬಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಅದನ್ನೇ ಏಳು ಜನಕ್ಕೆ ಕೊಟ್ಟು ನೋಡಿದರು, ಹೃದಯ ಚೇತರಿಸಿಕೊಂಡಿತು ಅಂತ 1975ರಲ್ಲಿ ಬರೆದರು. ಜನ ಒಪ್ಪಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1999ರಲ್ಲಿ ಎರಡು ಬೀಟಾ ಬ್ಲಾಕರ್‌ಗಳ ದೊಡ್ಡ ಅಧ್ಯಯನಗಳು, ಒಂದು ಬಿಸೊಪ್ರೊಲೋಲ್‌ದು, ಇನ್ನೊಂದು 3,991 ಜನರ ಮೇಲೆ ಮಾಡಿದ ಮೆಟೊಪ್ರೊಲೋಲ್‌ದು, ಸಾವು ಮೂರರಲ್ಲಿ ಒಂದು ಪಾಲು ಇಳಿದದ್ದನ್ನು ತೋರಿಸಿದವು. ಅಷ್ಟು ವರ್ಷ ಹಟ ಬಿಡದೆ ಕೆಲಸ ಮಾಡಿದವರ ಮೇಲೆ ನನಗೆ ತುಂಬಾ ಗೌರವ.

ದೊಡ್ಡಪ್ಪನ ಡಬ್ಬಿಯಲ್ಲಿರುವ ಪುಟ್ಟ ಬಿಳಿ ಮಾತ್ರೆ ಅದೇ ಮೆಟೊಪ್ರೊಲೋಲ್. ಚಿಕ್ಕ ಡೋಸಿನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ, ನಾವಾಗಿ ನಿಲ್ಲಿಸುವಂತಿಲ್ಲ. ಹಪ್ಪಳ ಉಪ್ಪಿನಕಾಯಿ ಬಂದ್. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ದೊಡ್ಡಮ್ಮ ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ಬರೆಯುತ್ತಾರೆ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ತಕ್ಷಣ ಡಾಕ್ಟರಿಗೆ ಫೋನ್ ಮಾಡಬೇಕು. ಆ ನಂಬರನ್ನೂ ಅದೇ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾರೆ.