ಪದ ಪರಿಚಯ: ಪೇಂಟ್ ಫಿಲ್ಲಿಂಗ್

ಅಕ್ರಿಲಿಕ್ ಶೀಟಿನಲ್ಲಿ ಅಕ್ಷರ ಕೆತ್ತಿ, ಆ ಗುಳಿಯೊಳಗೆ ಮಾತ್ರ ಬಣ್ಣ ನಿಲ್ಲಿಸುವ ಕೆಲಸವೇ ಪೇಂಟ್ ಫಿಲ್ಲಿಂಗ್. ಸ್ಟಿಕ್ಕರ್ ಬೋರ್ಡಿನಂತೆ ಇಲ್ಲಿ ಅಂಚು ಏಳುವ ಮಾತಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ತಿಂಗಳುಗಟ್ಟಲೆ ನೆನೆಯುವ ಗೇಟಿನ ಬೋರ್ಡು, ಹೋಂಸ್ಟೇ ಫಲಕಗಳಿಗೆ ಇದೇ ಹೊಂದುತ್ತದೆ.

ಶೀಟು ಕೊಳ್ಳುವಾಗ ಕಾಸ್ಟ್ ಅಕ್ರಿಲಿಕ್ (ಅಚ್ಚಿಗೆ ಎರೆದು ಮಾಡಿದ್ದು) ಎಂದೇ ಕೇಳಬೇಕು. ಅಗ್ಗದ ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ಹೊರತೆಗೆದ) ಶೀಟು ಕೆತ್ತುವ ಲೇಸರ್ ಮಷಿನಿನ ಬಿಸಿಗೆ ಕರಗಿ ಅಂಚಿನಲ್ಲಿ ಗಂಟುಗಟ್ಟುತ್ತದೆ. ಮನೆ ಹೆಸರಿನ ಫಲಕಕ್ಕೆ 3 ಎಂ.ಎಂ. ದಪ್ಪ, 0.3ರಿಂದ 0.5 ಎಂ.ಎಂ. ಆಳದ ಕೆತ್ತನೆ ಸಾಕು. ಆಳ ಇದಕ್ಕಿಂತ ಕಡಿಮೆಯಾದರೆ ಮೇಲಿನ ಬಣ್ಣ ಒರೆಸುವಾಗ ಬಟ್ಟೆ ಗುಳಿಯದ್ದನ್ನೂ ಎಳೆದುಕೊಂಡು ಬರುತ್ತದೆ.

ಶೀಟಿನ ಮೇಲಿನ ಕಾಗದದ ಹೊದಿಕೆಯನ್ನು ಕೀಳದೆ, ಅದರ ಮೇಲೆಯೇ ಕೆತ್ತಬೇಕು. ಬಣ್ಣ ಹಚ್ಚುವಾಗ ಅದೇ ಮಾಸ್ಕ್, ಅಂದರೆ ಬೇರೆಡೆ ಬಣ್ಣ ತಾಗದಂತೆ ತಡೆಯುವ ಮುಸುಕು. ಹೊದಿಕೆ ಇಲ್ಲದಿದ್ದರೆ ಕಾಗದದ ಮಾಸ್ಕಿಂಗ್ ಟೇಪನ್ನು ಗುಳ್ಳೆ ಬಾರದಂತೆ ಒತ್ತಿ ಅಂಟಿಸಿ. ಪಿವಿಸಿ ವಿನೈಲನ್ನು ಲೇಸರ್ ಕೆಳಗೆ ಇಡಲೇಬೇಡಿ, ಅದರ ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನಿಗೂ ಕೆಟ್ಟದ್ದು. ಕನ್ನಡ ಅಕ್ಷರಗಳಲ್ಲಿ ಇನ್ನೊಂದು ತೊಡಕಿದೆ. ‘ರ’ದ ಹೊಟ್ಟೆ, ಸೊನ್ನೆಯ ನಡುಭಾಗ, ಒತ್ತಕ್ಷರದ ಸಣ್ಣ ಸುತ್ತು ಇವೆಲ್ಲದರೊಳಗೂ ಮಾಸ್ಕಿನ ಚೂರು ಒಂಟಿಯಾಗಿ ಉಳಿಯುತ್ತದೆ. ಧೂಳು ಒರೆಸುವಾಗ ಅದು ಎದ್ದುಹೋದರೆ ‘ರ’ ತುಂಬ ಬಣ್ಣ. ಹಾಗಾಗಿ ಕೆತ್ತನೆಯನ್ನು ಮೆತ್ತನೆಯ ಬ್ರಷ್‌ನಿಂದ ಒಣಗಿದ್ದಾಗಲೇ ಗುಡಿಸಿ, ಆ ಚೂರುಗಳನ್ನು ಉಗುರಿನಿಂದ ಮತ್ತೊಮ್ಮೆ ಒತ್ತಿಬಿಡಿ. ಇಲ್ಲಿ ಹತ್ತು ನಿಮಿಷ ಹೋದರೂ ಲಾಭವೇ.

ಬಣ್ಣಕ್ಕೆ ನೀರಿನ ಅಕ್ರಿಲಿಕ್ ಪೇಂಟ್ ಅಥವಾ ಸಿಂಥೆಟಿಕ್ ಎನಾಮೆಲ್ ನಡೆಯುತ್ತದೆ. ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುಗೊಳಿಸುವ ದ್ರಾವಕ) ಹತ್ತಿರ ಸುಳಿಯಬಾರದು, ಅದು ಶೀಟನ್ನೇ ಕರಗಿಸುತ್ತದೆ. ಸ್ಪಿರಿಟ್ (ಆಲ್ಕೋಹಾಲ್) ನಿರಪಾಯ ಎಂದುಕೊಳ್ಳುವವರೇ ಹೆಚ್ಚು; ಲೇಸರ್ ಬಿಸಿಯಿಂದ ಬಿಗಿತ ಉಳಿದ ಅಂಚಿಗೆ ಅದು ತಾಗಿದರೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಮತ್ತೆ ಹೋಗುವುದಿಲ್ಲ. ಗುಳಿಯ ಹೊರಗೆ ಶೀಟಿಗೆ ತಾಗಿದ ನೀರಿನ ಬಣ್ಣವನ್ನು ಒದ್ದೆ ಬಟ್ಟೆಯಿಂದ, ಎನಾಮೆಲನ್ನು ಒಂದೆರಡು ಹನಿ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಗೆರೆಗೆ ಅಡ್ಡಲಾಗಿ ಎಳೆಯಬೇಕು.

ಒಂದೇ ಸಲ ದಪ್ಪಗೆ ತುಂಬಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಇರುತ್ತದೆ, ಕಾಗದವೂ ನೆನೆದು ಅಂಚಿನಡಿ ಬಣ್ಣ ನುಸುಳುತ್ತದೆ. ತೆಳುವಾಗಿ ಎರಡು ಕೋಟ್ ಕೊಡಿ. ನೀರಿನ ಬಣ್ಣ ಒಣಗುತ್ತಾ ಕುಗ್ಗುವುದರಿಂದ ಎರಡನೆಯದು ಹೇಗೂ ಬೇಕು. ಬೇಸಿಗೆಯಲ್ಲಿ ನೀರಿನ ಬಣ್ಣಕ್ಕೆ ಎರಡು ಕೋಟ್‌ಗಳ ನಡುವೆ ಅರ್ಧ ಗಂಟೆ ಸಾಕಾಗಬಹುದು. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಆ ಲೆಕ್ಕ ನಡೆಯದು, ಎನಾಮೆಲ್ ಮರುದಿನವೂ ಬೆರಳಿಗೆ ಅಂಟುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ಉಪಾಯ ಬೇಡ, ಮಸಿ ಕೂರುತ್ತದೆ. ಕೋಣೆಯೊಳಗೆ ಫ್ಯಾನ್ ಹಾಕಿ.

ಮಾಸ್ಕ್ ತೆಗೆಯುವುದು ಬಣ್ಣ ಹರಿಯುವುದು ನಿಂತು, ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ. ಪೂರ್ತಿ ಒಣಗಿದರೆ ಅಂಚಿನ ಬಣ್ಣವೂ ಸಿಪ್ಪೆಯಂತೆ ಕಿತ್ತುಬರುತ್ತದೆ. ಹಾಗಾದಾಗ ಬ್ಲೇಡಿನ ತುದಿಯಿಂದ ಅಂಚು ಬಿಡಿಸಿಕೊಂಡು ಎಳೆಯಬೇಕು.

ಪಾರದರ್ಶಕ ಶೀಟಾದರೆ ಹಿಂಬದಿಯಿಂದ, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತುವುದೇ ಮಲೆನಾಡಿಗೆ ವಾಸಿ. ಮುಂಬದಿ ನುಣುಪಾಗಿ ಉಳಿಯುವುದರಿಂದ ಗುಳಿಯಲ್ಲಿ ಪಾಚಿ ಕಟ್ಟದು. ಆಗ ಮೊದಲು ಅಕ್ಷರದ ಬಣ್ಣ, ಮಾಸ್ಕ್ ತೆಗೆದು ಅದು ಪೂರ್ತಿ ಒಣಗಿದ ಮೇಲೆ ಹಿನ್ನೆಲೆಯ ಬಣ್ಣ. ಇಂಥ ಫಲಕವನ್ನು ಗೋಡೆಗೆ ತಾಗಿಸಿ ಬಿಗಿದರೆ ಗೋಡೆಯ ತೇವ ಬಣ್ಣವನ್ನು ಎಬ್ಬಿಸುತ್ತದೆ. ಸ್ಕ್ರೂ ಇರುವಲ್ಲಿ ಫಲಕಕ್ಕೂ ಗೋಡೆಗೂ ನಡುವೆ 10 ಎಂ.ಎಂ. ಸ್ಪೇಸರ್ (ಅಂತರ ಕೊಡುವ ಬಿಲ್ಲೆ) ಕೊಟ್ಟು, ಗಾಳಿಯಾಡಲು ಬಿಡಿ.