ಜಾವಾ ಆಬ್ಜೆಕ್ಟಿನ ಒಳಗೆ: ಆ 16 ಎಲ್ಲಿಂದ ಬಂತು?

ಜಾವಾದಲ್ಲಿ ‘ಬಿಂದು’ ಎಂಬ ಪುಟ್ಟ ಕ್ಲಾಸ್ ಇದೆ ಅನ್ನಿ. ಒಳಗೆ ಎಕ್ಸ್, ವೈ ಎಂಬ ಎರಡು ಇಂಟ್‌ಗಳು, ಅಷ್ಟೇ. ವೈ ಓದುವ ಅಸೆಂಬ್ಲಿಯಲ್ಲಿ 16 ಎಂಬ ಅಂಕಿ ಕಾಣುತ್ತದೆ; ಅದು ಎಲ್ಲಿಂದ ಬಂತು ಎಂದು ನೋಡೋಣ. ಒಂದಕ್ಕೆ 4 ಬೈಟಿನಂತೆ ಒಟ್ಟು 8 ಬೈಟು ಸಾಕು. ಆದರೆ 64 ಬಿಟ್‌ನ ಹಾಟ್‌ಸ್ಪಾಟ್ ಜೆವಿಎಂ (ಜಾವಾ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶ) ಹೀಪ್‌ನಲ್ಲಿ, ಅಂದರೆ ಆಬ್ಜೆಕ್ಟುಗಳಿಗೆ ಮೀಸಲಾದ ಮೆಮೊರಿಯಲ್ಲಿ, ಇದಕ್ಕೆ 24 ಬೈಟು ತೆಗೆದಿಡುತ್ತದೆ.

ಮೊದಲ 8 ಬೈಟು ಮಾರ್ಕ್ ವರ್ಡ್. ಲಾಕಿನ ಸ್ಥಿತಿ, 31 ಬಿಟ್‌ನ ಐಡೆಂಟಿಟಿ ಹ್ಯಾಶ್ (ಆಬ್ಜೆಕ್ಟಿನ ಗುರುತಿನ ಅಂಕಿ), ಬೇಡವಾದ ಆಬ್ಜೆಕ್ಟುಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಎಣಿಸುವ ವಯಸ್ಸು ಎಲ್ಲ ಇರುವುದು ಅಲ್ಲೇ. ವಯಸ್ಸಿಗೆ ಸಿಕ್ಕಿರುವುದು 4 ಬಿಟ್, ಹಾಗಾಗಿ ಅದು 15 ದಾಟುವುದಿಲ್ಲ. ನಂತರದ 4 ಬೈಟು, ಆಬ್ಜೆಕ್ಟ್ ಯಾವ ಕ್ಲಾಸಿನದು ಎಂದು ಹೇಳುವ ಕುಗ್ಗಿಸಿದ ಪಾಯಿಂಟರ್. ಈ 12 ಬೈಟೇ ಹೆಡರ್. ಆಬ್ಜೆಕ್ಟಿನ ಶುರುವಿನಿಂದ ಎಣಿಸಿದರೆ 12ರಲ್ಲಿ ಎಕ್ಸ್, 16ರಲ್ಲಿ ವೈ. 20ಕ್ಕೆ ಸರಕು ಮುಗಿಯಿತು. ಗಾತ್ರ 8ರ ಗುಣಕವಾಗಿರಬೇಕಾದ್ದರಿಂದ ಕೊನೆಯ 4 ಬೈಟು ಖಾಲಿ. ಓಪನ್‌ಜೆಡಿಕೆಯ ಜೆಓಎಲ್ ಉಪಕರಣ ಈ ನಕ್ಷೆಯನ್ನು ಸಾಲುಸಾಲಾಗಿ ಅಚ್ಚು ಹಾಕುತ್ತದೆ. ನೀವು ಬರೆದ ಕ್ರಮದಲ್ಲೇ ಫೀಲ್ಡುಗಳು ಕೂರುತ್ತವೆ ಎಂದು ಮಾತ್ರ ನಂಬಬೇಡಿ. ಸಂದು ತುಂಬಲು ಜೆವಿಎಂ ಅವನ್ನು ಹಿಂದುಮುಂದು ಮಾಡುತ್ತದೆ.

ಈಗ ವೈ ಓದುವ ಒಂದು ಸ್ಟ್ಯಾಟಿಕ್ ಮೆಥಡ್ ಬರೆದು, ಅದರ ಅಸೆಂಬ್ಲಿ ನೋಡೋಣ. ಇದಕ್ಕೆ ಯಂತ್ರದ ಸೂಚನೆಗಳನ್ನು ಓದುವಂತೆ ಬಿಡಿಸಿ ತೋರಿಸುವ ಎಚ್‌ಎಸ್‌ಡಿಸ್ ಎಂಬ ಲೈಬ್ರರಿ ಬೇಕು. ಅದಿಲ್ಲದಿದ್ದರೆ ಕಾಣುವುದು ಬರೀ ಹೆಕ್ಸ್ ಬೈಟುಗಳು. ಡಯಾಗ್ನೋಸ್ಟಿಕ್ ಆಯ್ಕೆಗಳನ್ನು ತೆರೆದು, ಪ್ರಿಂಟ್‌ಅಸೆಂಬ್ಲಿ ಕೊಟ್ಟು, ಮೆಥಡನ್ನು ಲೂಪಿನಲ್ಲಿ ಲಕ್ಷ ಸಲ ಕರೆಯಿರಿ. ಬಿಸಿಯಾಗದ, ಅಂದರೆ ಸಾಕಷ್ಟು ಸಲ ಓಡದ ಮೆಥಡ್ ಕಂಪೈಲ್ ಆಗುವುದೇ ಇಲ್ಲ. ಹಂತಹಂತವಾಗಿ ಕಂಪೈಲ್ ಮಾಡುವ ಟಿಯರ್ಡ್ ಕಂಪೈಲೇಶನನ್ನು ನಿಲ್ಲಿಸಿಬಿಡಿ, ಇಲ್ಲವಾದರೆ ಮೊದಲ ಹಂತಗಳ ಕಂಪೈಲರ್ ಸಿ1 ಸೇರಿಸುವ ಎಣಿಕೆಯ ಸೂಚನೆಗಳಲ್ಲಿ ಕಣ್ಣು ಕಳೆದುಹೋಗುತ್ತದೆ.

ಲಿನಕ್ಸ್‌ನ ಎಕ್ಸ್86-64ರಲ್ಲಿ ತಿರುಳು ಒಂದೇ ಸೂಚನೆ: ಆರ್‌ಎಸ್‌ಐ ರಿಜಿಸ್ಟರಿನಲ್ಲಿರುವ ಬಿಂದುವಿನ ವಿಳಾಸಕ್ಕೆ 16 ಕೂಡಿಸಿ, ಅಲ್ಲಿನ 4 ಬೈಟನ್ನು ಇಎಎಕ್ಸ್ ರಿಜಿಸ್ಟರಿಗೆ ತೆಗೆದುಕೋ. ‘ವೈ’ ಎಂಬ ಹೆಸರಿನ ಸುಳಿವೇ ಇಲ್ಲ. ನಲ್ ಪರೀಕ್ಷೆಯೂ ಇಲ್ಲ! ಆರ್‌ಎಸ್‌ಐ ಸೊನ್ನೆಯಾಗಿದ್ದರೆ ಪ್ರೊಸೆಸರ್ 16ನೇ ವಿಳಾಸಕ್ಕೆ ಕೈ ಹಾಕಿ ಪೆಟ್ಟು ತಿನ್ನುತ್ತದೆ; ಆ ಸಿಗ್ನಲನ್ನು ಜೆವಿಎಂ ಹಿಡಿದು ನಲ್‌ಪಾಯಿಂಟರ್ ಎಕ್ಸೆಪ್ಶನ್ ಮಾಡಿ ಕೊಡುತ್ತದೆ.

ಬಿಂದು ಇನ್ನೊಂದು ಆಬ್ಜೆಕ್ಟಿನ ಫೀಲ್ಡಾಗಿದ್ದರೆ ಒಂದು ಸುತ್ತು ಹೆಚ್ಚು. ರೆಫರೆನ್ಸ್, ಅಂದರೆ ಆಬ್ಜೆಕ್ಟಿನತ್ತ ಬೆರಳು ತೋರುವ ಅಂಕಿ, 32 ಬಿಟ್‌ಗೆ ಕುಗ್ಗಿರುವುದರಿಂದ ಅದನ್ನು 8ರಿಂದ ಗುಣಿಸಿ, ಆರ್12 ರಿಜಿಸ್ಟರಿನಲ್ಲಿರುವ ಹೀಪ್‌ನ ಬುಡದ ವಿಳಾಸಕ್ಕೆ ಕೂಡಿಸಬೇಕು. 4 ಜಿಬಿಗಿಂತ ಚಿಕ್ಕ ಹೀಪ್‌ನಲ್ಲಿ ಸಾಮಾನ್ಯವಾಗಿ ಈ ಗುಣಾಕಾರ ಕಾಣುವುದಿಲ್ಲ. 32 ಜಿಬಿ ಮುಟ್ಟಿದರೆ ಕುಗ್ಗಿಸುವಿಕೆಯೇ ನಿಂತು, ಪ್ರತಿ ರೆಫರೆನ್ಸೂ 8 ಬೈಟಾಗುತ್ತದೆ. ರೆಫರೆನ್ಸುಗಳೇ ತುಂಬಿದ ಪ್ರೋಗ್ರಾಮಿಗೆ 31 ಜಿಬಿ ಹೀಪ್‌ನಲ್ಲಿ 32ಕ್ಕಿಂತ ಹೆಚ್ಚು ಜಾಗ ಸಿಗುವ ವಿಚಿತ್ರ ಬರುವುದು ಇಲ್ಲಿಂದ.

16 ಗೊತ್ತಾಯಿತಲ್ಲ, ಜೆಎನ್‌ಐ (ಜಾವಾದಿಂದ ನೇಟಿವ್ ಕೋಡ್ ಕರೆಯುವ ಸೇತುವೆ) ಮೂಲಕ ನಮ್ಮದೇ ಅಸೆಂಬ್ಲಿಯಿಂದ ಓದಿದರಾಯಿತು ಅನಿಸಬಹುದು. ಆದರೆ ಜೆಎನ್‌ಐ ಕೈಗೆ ಕೊಡುವುದು ಆಬ್ಜೆಕ್ಟಿನ ವಿಳಾಸವಲ್ಲ, ಆ ವಿಳಾಸ ಬರೆದಿಟ್ಟ ಗೂಡಿನ ವಿಳಾಸ. ಗೂಡಿನೊಳಗಿನದನ್ನು ಕಿತ್ತುಕೊಂಡರೂ ಅದು ಎಷ್ಟು ಹೊತ್ತು ಸರಿ ಎಂದು ಹೇಳಲಾಗದು. ನೇಟಿವ್ ಕೋಡ್ ಓಡಿಸುತ್ತಿರುವ ಥ್ರೆಡ್ಡಿಗಾಗಿ ಗಾರ್ಬೇಜ್ ಕಲೆಕ್ಟರ್ ಕಾಯುವುದಿಲ್ಲ. ನೀವು ನೋಡುತ್ತಿರುವಾಗಲೇ ಆಬ್ಜೆಕ್ಟನ್ನು ಬೇರೆಡೆಗೆ ಸಾಗಿಸಿ, ಗೂಡಿನಲ್ಲಿ ಮಾತ್ರ ಹೊಸ ವಿಳಾಸ ಬರೆಯುತ್ತದೆ. ಸಾವಿರ ಸಲ ಸರಿ ಬಂದು ಒಂದು ಸಲ ಕೆಡುವ ಜಾತಿಯ ತಪ್ಪು ಇದು. ಓದಿದರೆ ತಪ್ಪು ಅಂಕಿ. ಬರೆದರೆ ಇನ್ನಾವುದೋ ಆಬ್ಜೆಕ್ಟ್ ಹಾಳಾಗಿ, ಎಷ್ಟೋ ಹೊತ್ತಿನ ಮೇಲೆ ಕಲೆಕ್ಟರ್ ಥ್ರೆಡ್ ಕುಸಿಯುತ್ತದೆ. ಕ್ರ್ಯಾಶ್ ಲಾಗ್‌ನಲ್ಲಿ ನಿಮ್ಮ ಕೋಡಿನ ಹೆಸರೇ ಇರುವುದಿಲ್ಲ.

ಫೀಲ್ಡ್ ಬೇಕಿದ್ದರೆ ಜೆಎನ್‌ಐನ ಗೆಟ್‌ಇಂಟ್‌ಫೀಲ್ಡ್ ಕರೆಯಿರಿ. ವೇಗವೇ ಮುಖ್ಯವಾದರೆ ದತ್ತಾಂಶವನ್ನು ಹೀಪ್‌ನ ಹೊರಗಿಡಿ. ಜೆಡಿಕೆ 22ರಲ್ಲಿ ಅಂತಿಮಗೊಂಡ ಫಾರಿನ್ ಮೆಮೊರಿ ಎಪಿಐಯಲ್ಲಿ ನಕ್ಷೆ ನಿಮ್ಮದೇ, ಯಾರೂ ಅದನ್ನು ಸರಿಸುವುದಿಲ್ಲ.

ಜೆಡಿಕೆ 25ರಲ್ಲಿ ಕಾಂಪ್ಯಾಕ್ಟ್ ಹೆಡರ್ ಆಯ್ಕೆ ಕೊಟ್ಟು ಅದೇ ಬಿಂದುವನ್ನು ಓಡಿಸಿ ನೋಡಿ. ಹೆಡರ್ 12ರಿಂದ 8ಕ್ಕೆ ಇಳಿದು ಇಡೀ ಆಬ್ಜೆಕ್ಟ್ 16 ಬೈಟಿನಲ್ಲಿ ಮುಗಿಯುತ್ತದೆ, ವೈ 12ಕ್ಕೆ ಸರಿಯುತ್ತದೆ. 16 ಎಂದು ಕೈಯಾರೆ ಬರೆದಿಟ್ಟ ಹಳೆಯ ಅಸೆಂಬ್ಲಿ ಈಗ ಓದುವುದು ಹೀಪ್‌ನಲ್ಲಿ ಪಕ್ಕ ಕುಳಿತ ಆಬ್ಜೆಕ್ಟಿನ ಹೆಡರನ್ನು.