ಕ್ಯಾನ್ಸರ್‌ಗೆ ಗೆರೆ ಎಳೆಯುವ ಡಾಕ್ಟರು

ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ಮುಂದಿನ ಓದಿನ ಬಗ್ಗೆ ಯೋಚಿಸುವಾಗ, ವಿಕಿರಣದಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ರೇಡಿಯೇಷನ್ ಆಂಕಾಲಜಿಯನ್ನೂ ಒಮ್ಮೆ ನೋಡಲಿ ಎಂಬುದು ನನ್ನ ಆಸೆ. ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’ ಎಂದಾಗಿರುವ ಈ ಚಿಕಿತ್ಸೆಯ ಹಿಂದೆ ಇರುವವರು ಸ್ಕ್ಯಾನ್ ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್ ಅಲ್ಲ, ಬೇರೆಯೇ ತಜ್ಞರು.

ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ನೀಟ್ ಪಿಜಿ ಪ್ರವೇಶ ಪರೀಕ್ಷೆ, ಆಮೇಲೆ 3 ವರ್ಷದ ಎಂಡಿ. ಪಿಯುಸಿಗೇ ಮುಗಿಯಿತು ಎಂದುಕೊಂಡ ಭೌತಶಾಸ್ತ್ರವನ್ನು ಇಲ್ಲಿ ಮತ್ತೆ ಓದಬೇಕು.

ಆದರೆ ನಿಜವಾದ ಕಲಿಕೆ ಕಂಪ್ಯೂಟರಿನ ಮುಂದೆ. ಕೆನ್ನೆಯ ಒಳಭಾಗದ ಕ್ಯಾನ್ಸರ್ ಎಂದುಕೊಳ್ಳಿ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ರೋಗಿಯ ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದನ್ನು ತೊಡಿಸಿಯೇ ಸಿಟಿ ಸ್ಕ್ಯಾನ್. ಕೆಲವೇ ಮಿಲಿಮೀಟರ್ ಅಂತರದ ಒಂದೊಂದು ಪದರದಲ್ಲೂ ಎಂಡಿ ವಿದ್ಯಾರ್ಥಿ ಕೈಯಾರೆ ಗೆರೆ ಎಳೆಯಬೇಕು: ಗಡ್ಡೆ ಇಲ್ಲಿಯವರೆಗೆ, ರೋಗ ಹರಡಿರಬಹುದಾದ ಜಾಗ ಅಲ್ಲಿಯವರೆಗೆ, ಇದು ಜೊಲ್ಲುಗ್ರಂಥಿ, ಇದು ಬೆನ್ನುಹುರಿ. ಗೆರೆ ಅಗಲವಾದರೆ ಜೊಲ್ಲು ಬತ್ತಿ, ನೀರಿಲ್ಲದೆ ಅನ್ನ ನುಂಗಲಾಗದ ಸ್ಥಿತಿ ಬರಬಹುದು. ಕಿರಿದಾದರೆ ರೋಗ ಉಳಿದುಬಿಡುತ್ತದೆ. ಹಿರಿಯರು ತಿದ್ದುತ್ತಾರೆ, ಮತ್ತೆ ಎಳೆಯಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಆ ಗೆರೆಗಳನ್ನು ಆಧರಿಸಿಯೇ ಮೆಡಿಕಲ್ ಫಿಸಿಸಿಸ್ಟ್ ಕಿರಣದ ಲೆಕ್ಕ ಹಾಕುವುದು.

ಇಂಥ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 60 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಕಿರಣವನ್ನು 30 ಕಂತಿನಲ್ಲಿ, ವಾರಕ್ಕೆ 5 ದಿನದಂತೆ ಕೊಡುತ್ತಾರೆ. ಎರಡು ಕಂತುಗಳ ನಡುವೆ ಆರೋಗ್ಯವಂತ ಕೋಶಗಳು ತಮ್ಮ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಸಾಧ್ಯವಾಗುವುದಿಲ್ಲ. ಆದರೆ ಚಿಕಿತ್ಸೆ ನಡುವೆ ನಿಂತರೆ ಉಳಿದ ಕ್ಯಾನ್ಸರ್ ಕೋಶಗಳು ಬೇಗಬೇಗ ಮರಿಹಾಕುತ್ತವೆ. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ತಪ್ಪಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ.

ಸೋಮವಾರಪೇಟೆಯ ತೋಟದ ಲೈನ್ ಮನೆಯಿಂದ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕಾದವರಿಗೆ ಆರು ವಾರವೆಂದರೆ ಆರು ವಾರದ ಕೂಲಿ. ಅದೂ ಕಾಫಿ ಕೊಯ್ಲಿನ ಹೊತ್ತಾದರೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಹೊರಡುವುದೇ ಆಗದು. ‘ಎಲ್ಲಿ ಉಳಿದುಕೊಳ್ಳುತ್ತೀರಿ?’ ಎಂಬ ಪ್ರಶ್ನೆಯೂ ಚಿಕಿತ್ಸೆಯ ಭಾಗವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮ ಊರಿನ ದಾರಿ ಬಲ್ಲ ಡಾಕ್ಟರು ಅದನ್ನು ಮೊದಲ ದಿನವೇ ಕೇಳುತ್ತಾರೆ.

ಊರಲ್ಲೊಂದು ಕ್ಲಿನಿಕ್ ತೆರೆದು ಕೂರುವ ವೃತ್ತಿ ಇದಲ್ಲ ನಿಜ. ಕಿರಣ ಹಾಯಿಸುವ ಲೀನಿಯರ್ ಆಕ್ಸಿಲರೇಟರ್ ಯಂತ್ರ, ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಎಲ್ಲವೂ ಬೇಕು. ಆದರೆ ಶಾಸ್ತ್ರ ಮುಂದೆ ಹೋಗುತ್ತಿದೆ. ಆರಂಭಿಕ ಹಂತದ ಸ್ತನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ 15 ಕಂತಿನ ಬದಲು 5 ಕಂತು ಸಾಕೆಂದು ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ ತೋರಿಸಿತು. ಮೂರು ವಾರದ ಜಾಗದಲ್ಲಿ ಒಂದೇ ವಾರ.